ಪಂಜರ ತಗೊಂಡ್ರೆ ಗಿನಿಪಿಗ್ ಫ್ರೀ: ಒಂದು ಕಾಂಬೋ ಸೆಟ್‌ನ ವಿಮರ್ಶೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಿನಿಪಿಗ್‌ಗಳಿಗೆ ಐದಕ್ಕೆ ಐದು ಸ್ಟಾರ್. ಅಂಗಡಿಗೆ ಎರಡು. ಅಂಗಡಿಯವರು ಪ್ರಾಣಿಯ ಜೊತೆ ಕಟ್ಟಿಕೊಟ್ಟ ಕಾಂಬೋ ಸೆಟ್‌ಗೆ ಒಂದೇ ಒಂದು, ಅದೂ ನೀರಿನ ಬಾಟಲಿಯ ಪುಣ್ಯದಿಂದ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಸಣ್ಣ ಪ್ರಾಣಿ ನಮ್ಮ ಮನೆಗೆ ಹೊಸದಲ್ಲ. ಮೊದಲು ಹ್ಯಾಮ್‌ಸ್ಟರ್ ಇತ್ತು, ಆಮೇಲೆ ಮೊಲ. ನಾಯಿ ಸಾಕುವಷ್ಟು ಜಾಗ ಇಲ್ಲ, ಸೊಸೈಟಿ ಕಮಿಟಿಯ ಜೊತೆ ಜಗಳ ಆಡುವಷ್ಟು ತಾಳ್ಮೆಯೂ ಇಲ್ಲ. ಮೊಲ ಹೋದ ಮೇಲೆ ಮನೆ ಖಾಲಿ ಖಾಲಿ ಅನಿಸುತ್ತಿತ್ತು. ಮಗಳಿಗೆ ಗಿನಿಪಿಗ್ ಬೇಕಿತ್ತು. ನಿಜ ಹೇಳಬೇಕೆಂದರೆ ಅವಳಿಗಿಂತ ನನಗೇ ಜಾಸ್ತಿ ಬೇಕಿತ್ತು.

ಗಿನಿಪಿಗ್ ಅಂದ ಕೂಡಲೇ ಎಲ್ಲರೂ ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಅನ್ನುತ್ತಾರೆ. 1869ರ ಆ ಕಲ್ಲಿನ ಕಟ್ಟಡ ನನಗೂ ಇಷ್ಟ, ಹಣ್ಣು ತರಲು, ದೀಪಾವಳಿಗೆ ಒಣಹಣ್ಣು ತರಲು. ಆದರೆ ಅಲ್ಲಿಂದ ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿಗೆ ನಡೆದು, ಫಾಸ್ಟ್ ಲೋಕಲ್ ಹಿಡಿದು, ಒಂದು ಗಂಟೆಗೂ ಮೀರಿ ಆ ನೂಕುನುಗ್ಗಲಿನಲ್ಲಿ ರಟ್ಟಿನ ಡಬ್ಬದೊಳಗೆ ಎರಡು ಜೀವ ಹಿಡಿದುಕೊಂಡು ನಿಲ್ಲುವುದು ನನ್ನಿಂದ ಆಗದ ಮಾತು. ದತ್ತು ಕೊಡುವವರನ್ನೂ ವಿಚಾರಿಸಿದೆ. ಸಿಕ್ಕಿದ್ದು ಗಂಡು-ಹೆಣ್ಣು ಜೋಡಿ. ಅದು ಯಾಕೆ ಬೇಡವಾಗಿತ್ತು ಅಂತ ಮುಂದೆ ಹೇಳುತ್ತೇನೆ. ಹಾಗಾಗಿ ಠಾಣೆಗೂ ಕಲ್ಯಾಣಕ್ಕೂ ನಡುವಿನ ಒಂದು ಸ್ಟೇಷನ್ ಪಕ್ಕದ ಅಂಗಡಿಗೆ ಹೋದೆವು. ಹೆಸರು ಹಾಕುವುದಿಲ್ಲ. ಇಂಥ ಅಂಗಡಿಗಳು ಈ ಲೈನಿನಲ್ಲಿ ಬೇಕಾದಷ್ಟಿವೆ, ಸೆಟ್ ಕೂಡ ಹೆಚ್ಚುಕಡಿಮೆ ಎಲ್ಲ ಕಡೆ ಇದೇ.

ಅಲ್ಲಿಯ ಲೆಕ್ಕಾಚಾರ ಕೇಳಿ. ಎರಡು ಗಿನಿಪಿಗ್ ಮಾತ್ರ ಬೇಕು ಅಂದರೆ ಒಂದು ರೇಟು. ಪಂಜರ, ಬಾಟಲಿ, ಬಟ್ಟಲು, ಒಳಗೆ ಓಡುವ ಚಕ್ರ, ಆಹಾರ, ಹಾಸಲು ಮರದ ಹೊಟ್ಟು, ವಿಟಮಿನ್ ಡ್ರಾಪ್ಸ್, ನೆಕ್ಕಲು ಉಪ್ಪಿನ ಕಲ್ಲು, ಇಷ್ಟರ ಜೊತೆ ತಗೊಂಡರೆ ಬರೀ ಐನೂರು-ಆರುನೂರು ಜಾಸ್ತಿ, ಒಟ್ಟು 3,500ರ ಆಸುಪಾಸು. ‘ಪಿಂಜರಾ ಲೇಲೋ ಮ್ಯಾಡಮ್, ಪಿಗ್ ಸಮಝೋ ಫ್ರೀ’ ಅಂದ ಅಂಗಡಿಯ ಹುಡುಗ. ಪಂಜರಕ್ಕೆ ಬೆಲೆ ಇದೆ, ಜೀವ ಬಿಟ್ಟಿ. ಕೇಳಲು ಒಂಥರಾ ಆಯಿತು. ಆದರೂ ಸೆಟ್ ತಗೊಂಡೆ. ಅದರಲ್ಲಿ ಏನೇನು ಕೆಲಸಕ್ಕೆ ಬರುತ್ತದೆ, ಏನು ಬರುವುದಿಲ್ಲ ಅಂತ ಗೊತ್ತಿತ್ತು. ಬಾಟಲಿ, ಬಟ್ಟಲು ಬಿಡಿಯಾಗಿ ಕೊಂಡಿದ್ದರೂ ಅಷ್ಟೇ ಬೀಳುತ್ತಿತ್ತು.

ಮೊದಲು ಪ್ರಾಣಿಗಳ ವಿಷಯ. ಅಂಗಡಿಯಲ್ಲಿ ಇವನ್ನು ಮೀನಿನ ಹಳೇ ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದರು. ಗಂಡು, ಹೆಣ್ಣು, ಮರಿ, ದೊಡ್ಡದು ಎಲ್ಲ ಒಂದೇ ಕಡೆ. ಒಣಹುಲ್ಲಿನ ಒಂದು ಎಳೆಯೂ ಇಲ್ಲ. ಅಡಗಲು ಒಂದು ರಟ್ಟಿನ ತುಂಡೂ ಇಲ್ಲ. ಎಲ್ಲವೂ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು. ‘ದೋನೋ ಫೀಮೇಲ್ ಹೈ, ಗ್ಯಾರಂಟಿ’ ಅಂತ ಹುಡುಗ ಎರಡನ್ನು ಎತ್ತಿ ತೋರಿಸಿದ. ನಾನು ಒಂದನ್ನು ಮೆಲ್ಲಗೆ ಅಂಗೈ ಮೇಲೆ ಕೂರಿಸಿ, ಹಿಂಭಾಗಕ್ಕೆ ಇನ್ನೊಂದು ಕೈ ಕೊಟ್ಟು ತಿರುಗಿಸಿ ನೋಡಿದೆ. ಹೆಣ್ಣಾದರೆ ಅಲ್ಲಿ ಇಂಗ್ಲಿಷಿನ ವೈ ಅಕ್ಷರದ ಆಕಾರ ಕಾಣುತ್ತದೆ, ಗಂಡಾದರೆ ಒಂದು ಚುಕ್ಕೆ, ಅದರ ಕೆಳಗೆ ಗೆರೆ. ಗ್ಯಾರಂಟಿ ಫೀಮೇಲ್‌ಗಳಲ್ಲಿ ಒಂದು ಅಪ್ಪಟ ಗಂಡು. ಹುಡುಗ ನಕ್ಕುಬಿಟ್ಟ. ‘ಆಪಕೋ ತೋ ಸಬ್ ಮಾಲೂಮ್ ಹೈ’ ಅಂದ, ನನಗೆ ಎಲ್ಲ ಗೊತ್ತಿದೆಯಂತೆ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಇದು ತಮಾಷೆಯ ವಿಷಯ ಅಲ್ಲ ಮಾತ್ರ. ಗಿನಿಪಿಗ್ ಹೆಣ್ಣು ನಾಲ್ಕೈದು ವಾರಕ್ಕೇ ಗಬ್ಬ ಆಗಬಲ್ಲದು. ಗರ್ಭದ ಅವಧಿ 59ರಿಂದ 72 ದಿನ. ಮರಿಗಳು ಹುಟ್ಟುವಾಗಲೇ ಮೈತುಂಬಾ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು. ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗಬ್ಬ ಆಗಬಹುದು. ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಇಟ್ಟಿರುವ ಅಂಗಡಿಯಿಂದ ಹೆಣ್ಣು ತಂದರೆ ಎರಡು ತಿಂಗಳೊಳಗೆ ಮನೆಯಲ್ಲಿ ಬಾಣಂತನ ಆದರೂ ಆಯಿತು. ಅದಕ್ಕೇ ಎರಡೂ ಗಂಡೇ ತಂದೆ, ಒಂದೇ ವಯಸ್ಸಿನವು. ಎರಡು ಗಂಡು ಜಗಳ ಆಡುವುದಿಲ್ಲವಾ ಅಂತ ಕೇಳುತ್ತಾರೆ. ಹೆಣ್ಣಿನ ವಾಸನೆ ಹತ್ತಿರ ಇಲ್ಲದಿದ್ದರೆ, ಜಾಗ ಸಾಕಷ್ಟಿದ್ದರೆ, ಬಟ್ಟಲು ಬಾಟಲಿ ಅಡಗುತಾಣ ಎಲ್ಲ ಎರಡೆರಡು ಇದ್ದರೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಮೂರು ಗಂಡು ಮಾತ್ರ ಬೇಡವೇ ಬೇಡ.

ಒಂದೇ ಒಂದು ತರುತ್ತೇವೆ, ನಾವೇ ಆಟ ಆಡಿಸುತ್ತೇವೆ ಅನ್ನುವವರಿಗೆ: ದಯವಿಟ್ಟು ಬೇಡ. ಇವು ಗುಂಪಿನ ಪ್ರಾಣಿ. ಸ್ವಿಟ್ಜರ್ಲೆಂಡಿನಲ್ಲಂತೂ 2008ರಿಂದ ಗಿನಿಪಿಗ್ ಒಂಟಿಯಾಗಿ ಸಾಕುವುದು ಕಾನೂನಿಗೇ ವಿರುದ್ಧ. ನಾವು ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಬರುವುದು ರಾತ್ರಿ. ಅಷ್ಟು ಹೊತ್ತು ಅದು ಒಂದೇ ಗೋಡೆ ನೋಡುತ್ತಾ ಕೂರಬೇಕಾ?

ಕೊಳ್ಳುವಾಗ ನೋಡಬೇಕಾದ್ದು ಬಹಳ ಇಲ್ಲ. ಕಣ್ಣು ಹೊಳೆಯಬೇಕು, ಪಿಸುರು ಇರಬಾರದು. ಮೂಗು ಒಣಗಿರಬೇಕು. ಕಿವಿಯ ಹತ್ತಿರ ಹಿಡಿದರೆ ಉಸಿರಿನಲ್ಲಿ ಕಿಟಕಿಟ, ಗೊರಗೊರ ಕೇಳಬಾರದು. ಹಿಂಭಾಗ ಸ್ವಚ್ಛ ಇರಬೇಕು. ಮುಂದಿನ ಹಲ್ಲು ನೇರ ಇರಬೇಕು. ಕೂದಲನ್ನು ಹಿಮ್ಮುಖವಾಗಿ ಸವರಿ ಚರ್ಮ ನೋಡಬೇಕು, ಮುಖ್ಯವಾಗಿ ಕಿವಿಯ ಹಿಂದೆ. ನಮ್ಮ ಎರಡರಲ್ಲಿ ಒಂದಕ್ಕೆ ಕಿವಿಯ ಹಿಂದೆ ಎಂಟಾಣೆ ಅಗಲದ ಬೋಳು ಜಾಗ, ಅಂಚಿನಲ್ಲಿ ಬಿಳಿ ಹೊಟ್ಟು. ತೋರಿಸಿದೆ. ‘ಬಾಲ್ ಝಡ್ ರಹಾ ಹೈ, ಮೌಸಮ್ ಕಾ ಹೈ’ ಅಂದರು ಮಾಲೀಕರು. ಹವೆಗೆ ಕೂದಲು ಉದುರುತ್ತಿದೆಯಂತೆ! ನೋಡಿದರೇ ಗೊತ್ತಾಗುತ್ತಿತ್ತು ಅದು ಹುಳುಕಡ್ಡಿ ಅಂತ. ಬೇರೆಯದನ್ನು ಆರಿಸಬಹುದಿತ್ತು. ಮಗಳು ಆಗಲೇ ಅದಕ್ಕೆ ಹೆಸರಿಟ್ಟಾಗಿತ್ತು. ನನಗೂ ಅದನ್ನು ಮತ್ತೆ ಆ ತೊಟ್ಟಿಗೆ ಹಾಕಲು ಮನಸ್ಸಾಗಲಿಲ್ಲ. ಗೊತ್ತಿದ್ದೇ ತಂದೆ, ಔಷಧದ ಖರ್ಚು ಲೆಕ್ಕ ಹಾಕಿಯೇ ತಂದೆ. ಆದರೆ ಮಾಲೀಕರು ‘ಹೌದು, ಚರ್ಮದ ತೊಂದರೆ ಇದೆ’ ಅಂತ ಒಂದು ಮಾತು ಹೇಳಿದ್ದರೆ ಇನ್ನೊಂದು ಸ್ಟಾರ್ ಕೊಡುತ್ತಿದ್ದೆ. ಹುಳುಕಡ್ಡಿ ಮನುಷ್ಯರಿಗೂ ಅಂಟುತ್ತದೆ, ಮಕ್ಕಳಿರುವ ಮನೆಗೆ ಕೊಡುವಾಗ ಬಾಯಿ ಮುಚ್ಚಿಕೊಂಡಿರುವುದು ಸರಿಯಾ?

ಬಿಲ್ ಕೇಳಿದೆ. ಬಿಳಿ ಚೀಟಿಯ ಮೇಲೆ ‘ಜಿ. ಪಿಗ್ 2 ನಗ’ ಅಂತ ಗೀಚಿ ಕೊಟ್ಟರು. 2018ರಲ್ಲಿ ಬಂದ ಸಾಕುಪ್ರಾಣಿ ಅಂಗಡಿಗಳ ನಿಯಮದ ಪ್ರಕಾರ ಇಂಥ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದ್ದಕ್ಕೆ ಮಾಲೀಕರು ಗೋಡೆ ಕಡೆ ಕೈ ತೋರಿಸಿದರು. ಗೋಡೆ ಮೇಲೆ ಇದ್ದದ್ದು ಸಾಯಿಬಾಬಾ ಫೋಟೋ ಮತ್ತು ಕ್ಯೂಆರ್ ಕೋಡ್.

ಇನ್ನು ಕಾಂಬೋ ಸೆಟ್.

ಪಂಜರ. ಒಂದೂವರೆ ಅಡಿಗೆ ಎರಡಡಿ, ತಳವೆಲ್ಲ ತಂತಿ, ಕೆಳಗೆ ಜಾರಿ ಬರುವ ಟ್ರೇ. ಇದು ಸುಮ್ನೆ ಹಕ್ಕಿ ಪಂಜರವನ್ನು ಅಡ್ಡ ಮಲಗಿಸಿದ್ದು. ಎರಡು ಗಿನಿಪಿಗ್‌ಗೆ ಕನಿಷ್ಠ ಏಳೂವರೆ ಚದರಡಿ ಬೇಕು, ಗಂಡುಗಳಾದರೆ ಹತ್ತರ ಮೇಲೆ ಇದ್ದರೆ ಒಳ್ಳೆಯದು. ಇದು ಮೂರು. ಅದಕ್ಕಿಂತ ಕೆಟ್ಟದ್ದು ಆ ತಂತಿಯ ತಳ. ಗಿನಿಪಿಗ್‌ನ ಅಂಗಾಲಿನಲ್ಲಿ ಕೂದಲಿಲ್ಲ, ಬರೀ ತೆಳು ಗುಲಾಬಿ ಚರ್ಮ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು, ಎಲ್ಲವೂ ಪುಟ್ಟಪುಟ್ಟವು. ತಂತಿಯ ಮೇಲೆ ದಿನವೂ ನಿಂತರೆ ಅಂಗಾಲು ಕೆಂಪಾಗಿ, ಊದಿ, ಹುಣ್ಣಾಗಿ ಕೀವು ತುಂಬುತ್ತದೆ. ಒಮ್ಮೆ ಮೂಳೆಯವರೆಗೆ ಹೋದರೆ ವಾಸಿ ಮಾಡುವುದು ಕಷ್ಟ. ಮರಿಯ ಕಾಲು ತಂತಿಯ ಸಂದಿಗೆ ಸಿಕ್ಕಿ ಮುರಿದರಂತೂ ಮುಗಿಯಿತು. ಪಂಜರ ಈಗ ಬಾಲ್ಕನಿಯಲ್ಲಿದೆ. ಅತ್ತೆ ಅದರಲ್ಲಿ ಈರುಳ್ಳಿ ಇಡುತ್ತಾರೆ, ಗಾಳಿ ಚೆನ್ನಾಗಿ ಆಡುತ್ತದಂತೆ.

ಬದಲಿಗೆ ನಾವು ಮಾಡಿದ್ದು ಹೇಳುತ್ತೇನೆ, ಇದು ನಿಜವಾಗಿಯೂ ಉಪಯೋಗಕ್ಕೆ ಬರುವ ಮಾತು. ಆನ್‌ಲೈನಿನಲ್ಲಿ ಜೋಡಿಸುವ ಶೂ ರ‍್ಯಾಕ್ ಅಂತ ತಂತಿ ಬಲೆಯ ಚೌಕಗಳು ಸಿಗುತ್ತವೆ, ಒಂದೊಂದು ಹದಿನಾಲ್ಕು ಇಂಚು. ಅವನ್ನು ಗೋಡೆಯ ಹಾಗೆ ಸುತ್ತ ನಿಲ್ಲಿಸಿದೆವು, ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ಬಲೆಯ ಕಣ್ಣು ಸಣ್ಣದಿರುವುದನ್ನೇ ತಗೊಳ್ಳಿ, ದೊಡ್ಡದಾದರೆ ಮರಿ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತದೆ. ತಳಕ್ಕೆ ಸನ್‌ಪ್ಯಾಕ್ ಶೀಟ್, ಅದೇ ರಸ್ತೆ ಬದಿ ಜಾಹೀರಾತು ಬೋರ್ಡಿಗೆ ಬಳಸುವ ಪ್ಲಾಸ್ಟಿಕ್ ಹಾಳೆ. ಪ್ರಿಂಟಿಂಗ್ ಅಂಗಡಿಯಲ್ಲಿ ಕೇಳಿದರೆ ಕತ್ತರಿಸಿ ಕೊಡುತ್ತಾರೆ. ನಮಗೆ ಹಳೆಯದೊಂದು ಚುನಾವಣೆಯ ಬೋರ್ಡ್ ಬಿಟ್ಟಿಯಾಗಿ ಸಿಕ್ಕಿತು. ಅಂಚನ್ನು ಮೇಲಕ್ಕೆ ಮಡಿಸಿ ತಟ್ಟೆಯಂತೆ ಮಾಡಿ, ಮೇಲೆ ಹೀರುವ ಬಟ್ಟೆ, ಅದರ ಮೇಲೆ ಫ್ಲೀಸ್, ಅಂದರೆ ಮೆತ್ತನೆ ಹೊದಿಕೆಯಂಥ ಬಟ್ಟೆ. ಕೈ ಮುಗಿದು ನಿಂತ ನಾಯಕರೊಬ್ಬರು ಈಗ ಫ್ಲೀಸಿನ ಅಡಿಯಲ್ಲಿ ಮಲಗಿದ್ದಾರೆ. ಯಾವ ಪಕ್ಷ ಅಂತ ಕೇಳಬೇಡಿ. ಎಲ್ಲ ಸೇರಿ ಸಾವಿರದ ಮುನ್ನೂರರ ಒಳಗೆ ಮುಗಿಯಿತು, ಜಾಗ ಸೆಟ್ಟಿನ ಪಂಜರದ ಮೂರುಪಟ್ಟಿಗೂ ಜಾಸ್ತಿ.

ಚಕ್ರ. ಹ್ಯಾಮ್‌ಸ್ಟರ್‌ಗೆ ಸರಿ. ಗಿನಿಪಿಗ್‌ನ ಬೆನ್ನು ಹಾಗೆ ಬಾಗುವುದಿಲ್ಲ, ನೋವಾಗುತ್ತದೆ. ಪಾರದರ್ಶಕ ಓಡಾಟದ ಚೆಂಡೂ ಅಷ್ಟೇ. ನೇರ ಕಸಕ್ಕೆ.

ಮರದ ಹೊಟ್ಟು. ಬಡಗಿ ಅಂಗಡಿಯ ನೆಲ ಗುಡಿಸಿ ಚೀಲಕ್ಕೆ ತುಂಬಿದಂತಿತ್ತು. ಚೀಲ ಬಿಚ್ಚಿದರೆ ನನಗೇ ಸೀನು. ಇವುಗಳ ಶ್ವಾಸಕೋಶ ಬಲು ನಾಜೂಕು, ನುಣ್ಣನೆ ಪುಡಿ ಮೂಗಿಗೆ ಹೋದರೆ ಕಾಯಿಲೆಗೆ ಬಾಗಿಲು ತೆರೆದಂತೆ. ಉಪ್ಪಿನ ಕಲ್ಲು ಬೇಕಿಲ್ಲ. ಒಂದು ಪುಟ್ಟ ಶಾಂಪೂ ಬಾಟಲಿಯನ್ನೂ ಗಿಫ್ಟ್ ಅಂತ ಹಾಕಿದ್ದರು, ಅದೂ ಬೇಕಿಲ್ಲ. ತಮ್ಮ ಮೈ ತಾವೇ ನೆಕ್ಕಿ ತೊಳೆದುಕೊಳ್ಳುತ್ತವೆ.

ನೀರಿನ ಬಾಟಲಿ ಚೆನ್ನಾಗಿದೆ. ಮೊದಲ ರಾತ್ರಿ ಸ್ವಲ್ಪ ಸೋರಿತು, ಕತ್ತಿನ ವಾಷರ್ ತಿರುಗಿಸಿ ಹಾಕಿದ ಮೇಲೆ ನಿಂತಿತು. ತುದಿಯ ಗುಂಡು ಅಂಟಿಕೊಂಡಿದೆಯಾ ಅಂತ ದಿನವೂ ಬೆರಳಿನಿಂದ ಒತ್ತಿ ನೋಡಿ. ಮಣ್ಣಿನ ಬಟ್ಟಲೂ ಸರಿ, ಭಾರ ಇದೆ, ಕಾಲಿಟ್ಟರೂ ಮಗುಚುವುದಿಲ್ಲ.

ಆಹಾರ. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಇದರ ಮೇಲೆ. ಬಿಡಿ ಪ್ಲಾಸ್ಟಿಕ್ ಕವರಿನಲ್ಲಿ ತೂಕ ಮಾಡಿ ಕೊಟ್ಟದ್ದು, ಲೇಬಲ್ ಇಲ್ಲ, ತಾರೀಕು ಇಲ್ಲ. ಒಳಗೆ ಸೂರ್ಯಕಾಂತಿ ಬೀಜ, ಒಣ ಜೋಳ, ಕೆಂಪು-ಹಸಿರು ಬಣ್ಣದ ಉಂಗುರಗಳು, ನಡುನಡುವೆ ಮೊಲದ ಪೆಲೆಟ್, ಅಂದರೆ ಪುಡಿ ಒತ್ತಿ ಮಾಡಿದ ಗುಳಿಗೆಯಂಥ ಆಹಾರ. ಇದೊಂದೇ ಸಾಕು ಅಂದರು. ಸಾಕಾಗುವುದು ಹೇಗೆ? ಮನುಷ್ಯರ ಹಾಗೆಯೇ ಗಿನಿಪಿಗ್‌ಗೂ ವಿಟಮಿನ್ ಸಿ ದೇಹದಲ್ಲಿ ತಯಾರಾಗುವುದಿಲ್ಲ. ಮೊಲಕ್ಕೆ ಆಗುತ್ತದೆ, ಅದಕ್ಕೇ ಮೊಲದ ಪೆಲೆಟ್‌ನಲ್ಲಿ ಅದನ್ನು ಸೇರಿಸಿರುವುದಿಲ್ಲ. ದಿನಕ್ಕೆ ಒಂದು ಕೆಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಸಿಗದಿದ್ದರೆ ಕೆಲವೇ ವಾರಗಳಲ್ಲಿ ಕೀಲು ಊದಿ, ಒಸಡಿನಲ್ಲಿ ರಕ್ತ ಬಂದು, ನಡೆಯಲು ಆಗದೆ ಮುದುಡಿ ಕೂರುತ್ತವೆ. ಎಷ್ಟೋ ಜನ ‘ಚಳಿಗೆ ಸತ್ತುಹೋಯಿತು’ ಅನ್ನುತ್ತಾರೆ. ಡೊಂಬಿವಲಿಯಲ್ಲಿ ಎಲ್ಲಿಯ ಚಳಿ! ಸೆಟ್ಟಿನಲ್ಲಿದ್ದ ಡ್ರಾಪ್ಸ್ ನೀರಿಗೆ ಹಾಕಿ ಅಂತ ಬರೆದಿತ್ತು. ನೀರಿನಲ್ಲಿ, ಬೆಳಕಿನಲ್ಲಿ ವಿಟಮಿನ್ ಸಿ ಬೇಗ ಹಾಳಾಗುತ್ತದೆ, ಮೇಲಾಗಿ ನೀರಿನ ರುಚಿ ಬದಲಾಯಿತು ಅಂತ ಅವು ಕುಡಿಯುವುದನ್ನೇ ಬಿಡಬಹುದು.

ನಿಜವಾದ ಊಟ ಅಂದರೆ ಒಣಹುಲ್ಲು, ನೂರಕ್ಕೆ ಸುಮಾರು ಎಂಬತ್ತು ಭಾಗ ಅದೇ. ಹಗಲೂ ರಾತ್ರಿ ಮುಂದೆ ಇರಲೇಬೇಕು. ಇವುಗಳ ಇಪ್ಪತ್ತು ಹಲ್ಲೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ಸವೆಯುವುದು ಹುಲ್ಲು ಅಗಿದರೆ ಮಾತ್ರ. ಹೊಟ್ಟೆ ಓಡುವುದೂ ಆ ನಾರಿನಿಂದಲೇ. ಅಂಗಡಿಯಲ್ಲಿ ಹುಲ್ಲೇ ಇರಲಿಲ್ಲ, ‘ಕೋಯಿ ಲೇತಾ ನಹೀ’ ಅಂದರು, ಯಾರೂ ಕೊಳ್ಳುವುದಿಲ್ಲವಂತೆ. ಆನ್‌ಲೈನಿನಲ್ಲಿ ಟಿಮೋತಿ ಹುಲ್ಲು ತರಿಸಿದೆ. ಆಕ್ಸ್‌ಬೋ ಅಂತ ಅಮೆರಿಕದ್ದು ಚೆನ್ನಾಗಿರುತ್ತದೆ, ಬೆಲೆಯೂ ಅಷ್ಟೇ ಚೆನ್ನಾಗಿರುತ್ತದೆ. ಈಗ ಅದನ್ನು ಅರ್ಧ, ಅಗ್ಗದ್ದನ್ನು ಅರ್ಧ ಬೆರೆಸುತ್ತೇನೆ. ತಬೇಲಾದವರ, ಅಂದರೆ ದನ-ಎಮ್ಮೆ ಕೊಟ್ಟಿಗೆಯವರ ಹತ್ತಿರ ಸಿಗುವ ಲೂಸರ್ನ್, ಅಂದರೆ ನಮ್ಮೂರ ಕಡೆಯ ಕುದುರೆ ಮಸಾಲೆ, ಮರಿಗಳಿಗೆ ಅಡ್ಡಿಯಿಲ್ಲ. ಆರು ತಿಂಗಳು ದಾಟಿದ ಮೇಲೆ ದಿನವೂ ಕೊಡಬೇಡಿ, ಕ್ಯಾಲ್ಸಿಯಂ ಜಾಸ್ತಿ, ಮೂತ್ರದಲ್ಲಿ ಕಲ್ಲು ಆಗಬಹುದು.

ಮುಂಬೈ ಕಡೆ ಇರುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಹುಲ್ಲಿನ ದೊಡ್ಡ ಚೀಲ ತರಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಹುಲ್ಲು ಉಳಿಯುತ್ತದಾ? ಒಳ್ಳೆಯ ಹುಲ್ಲಿಗೆ ಸಿಹಿಯಾದ ಒಣ ವಾಸನೆ ಇರುತ್ತದೆ. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬೂದು ಧೂಳು ಎದ್ದರೆ, ದುಡ್ಡಿನ ಮುಖ ನೋಡದೆ ಎಸೆಯಬೇಕು. ನಾನು ಹಳೇ ದಿಂಬಿನ ಕವರಿಗೆ ತುಂಬಿ ಲಾಫ್ಟ್ ಮೇಲೆ ಇಡುತ್ತೇನೆ, ವಾರಕ್ಕೊಮ್ಮೆ ಫ್ಯಾನಿನ ಕೆಳಗೆ ಹರಡುತ್ತೇನೆ. ಫ್ಲೀಸ್ ಬಟ್ಟೆ ಒಣಗುವುದೂ ಆಗ ದೊಡ್ಡ ಕತೆ, ಮೂರು ನಾಲ್ಕು ಜೊತೆ ಇಲ್ಲದೆ ಸಾಗುವುದಿಲ್ಲ.

ತರಕಾರಿ ವಿಷಯದಲ್ಲಿ ಮಾತ್ರ ಈ ಊರು ಚಿನ್ನ. ದಿನಕ್ಕೆ ದೊಣ್ಣೆಮೆಣಸಿನ ಎರಡು ಹೋಳು, ಬೀಜ ತೆಗೆದು. ಕೊತ್ತಂಬರಿ ಒಂದು ಹಿಡಿ. ಆಗೊಮ್ಮೆ ಈಗೊಮ್ಮೆ ಪೇರಳೆ ಹಣ್ಣಿನ ತೆಳು ಸೀಳು, ಸಿಹಿ ಅಂತ ಜಾಸ್ತಿ ಇಲ್ಲ. ಕ್ಯಾರೆಟ್ಟೂ ಹಾಗೆಯೇ, ಅಪರೂಪಕ್ಕೆ. ನಮ್ಮ ಭಾಜಿವಾಲಾ ಹೂಕೋಸಿನ ಹೊರಗಿನ ಎಲೆ ಪುಕ್ಕಟೆ ಎತ್ತಿಡುತ್ತಾನೆ, ಅದನ್ನೂ ಸ್ವಲ್ಪವೇ ಕೊಡುವುದು, ವಾಯು ಆಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡ. ಇನ್ನೊಂದು ಉಪಾಯ ಅತ್ತೆಯದು. ಇಲ್ಲಿ ಹೂವಿನ ಅಂಗಡಿಗಳಲ್ಲಿ ವರ್ಷವಿಡೀ ಗರಿಕೆ ಸಿಗುತ್ತದೆ, ಗಣಪತಿಗೆ ಇಪ್ಪತ್ತೊಂದರ ಕಟ್ಟು ಮಾಡಿ ಇಟ್ಟಿರುತ್ತಾರೆ. ಸಂಕಷ್ಟಿಯ ಮರುದಿನ ಉಳಿದದ್ದನ್ನು ಕೇಳಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಚೆನ್ನಾಗಿ ತೊಳೆದು, ನೀರು ಬಸಿದು, ಹಳದಿ ಎಸಳು ಆರಿಸಿ ಕೊಟ್ಟರೆ ಗಿನಿಪಿಗ್‌ಗೆ ಪ್ರಾಣ. ಒಂದೊಂದು ಎಸಳನ್ನೂ ಬುಡದಿಂದ ಹಿಡಿದು ಸರಸರ ಒಳಗೆ ಎಳೆದುಕೊಳ್ಳುವುದನ್ನು ಅತ್ತೆ ಧಾರಾವಾಹಿ ಬಿಟ್ಟು ನೋಡುತ್ತಾರೆ. ‘ಗಣಪತಿಯ ವಾಹನದ ಕಡೆಯ ನೆಂಟರು, ಅವರಿಗೂ ಪಾಲು ಇದೆ’ ಅಂತ ಅವರ ಸಮಜಾಯಿಷಿ. ತಂದ ದಿನ ಮಾತ್ರ ‘ಏನಮ್ಮಾ, ದುಡ್ಡು ಕೊಟ್ಟು ಇಲಿ ತಂದಿದ್ದೀಯಾ’ ಅಂದವರು ಇವರೇ.

ಹೆಸರು ಹೇಳಲೇ ಇಲ್ಲ ಅಲ್ವಾ. ಗೋಳಿ ಮತ್ತು ಬಜೆ. ತಂದ ಸಂಜೆ ಮನೆಯಲ್ಲಿ ಗೋಳಿಬಜೆ ಕರಿಯುತ್ತೇವೆ ಅಂತ ಮಗಳಿಗೆ ಮೊದಲೇ ಗೊತ್ತಿತ್ತು, ಅಂಗಡಿಯಲ್ಲೇ ಹೆಸರು ತೀರ್ಮಾನ ಮಾಡಿಬಿಟ್ಟಿದ್ದಳು. ಬೋಳು ಕಿವಿಯದು ಬಜೆ.

ಮನೆಗೆ ತಂದ ಮೊದಲ ದಿನಗಳಲ್ಲಿ ಏನೂ ಮಾಡಬೇಡಿ. ಎತ್ತಬೇಡಿ, ಪಕ್ಕದ ಮನೆಯವರನ್ನು ಕರೆದು ತೋರಿಸಬೇಡಿ, ಫೋಟೋ ಬೇಡ. ಎರಡು ರಟ್ಟಿನ ಡಬ್ಬ ಇಟ್ಟು, ಪ್ರತಿಯೊಂದಕ್ಕೂ ಎರಡು ಬಾಗಿಲು ಕತ್ತರಿಸಿ. ಒಂದೇ ಬಾಗಿಲಿದ್ದರೆ ಒಂದು ಒಳಗೆ ಸಿಕ್ಕಿಬಿದ್ದು ಜಗಳ ಆಗುತ್ತದೆ. ಒಳಗೆ ಅಡಗಿ ಕೂರುತ್ತವೆ, ಹುಲ್ಲು ತಿನ್ನುವ ಸದ್ದು ಮಾತ್ರ ಕೇಳುತ್ತದೆ. ಹಗಲೆಲ್ಲ ಹೆದರಿಕೆ, ನಾವು ಲೈಟ್ ಆರಿಸಿದ ಮೇಲೆ ಓಡಾಟ. ಕ್ರಮೇಣ ಫ್ರಿಜ್ ಬಾಗಿಲಿನ ಸದ್ದು, ಕೊತ್ತಂಬರಿಯ ಪ್ಲಾಸ್ಟಿಕ್ ಕವರಿನ ಸರಸರ ಅವಕ್ಕೆ ಗೊತ್ತಾಗುತ್ತದೆ. ಆಮೇಲೆ ‘ವೀಕ್ ವೀಕ್’ ಅಂತ ಶುರು, ಕೆಳಗಿನ ಮಹಡಿಯವರು ಯಾವ ಹಕ್ಕಿ ಸಾಕಿದ್ದೀರಿ ಅಂತ ಕೇಳುವಷ್ಟು ಜೋರು. ಖುಷಿಯಾದಾಗ ನಿಂತಲ್ಲೇ ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟ್ಟನೆ ಮೇಲಕ್ಕೆ ಹಾರುತ್ತವೆ, ಗಾಳಿಯಲ್ಲೇ ಅರ್ಧ ತಿರುಗಿ ಬೇರೆ ದಿಕ್ಕಿಗೆ ಇಳಿಯುತ್ತವೆ. ಹಲ್ಲು ಕಟಕಟ ಮಾಡಿದರೆ ಸಿಟ್ಟು, ದೂರ ಇರಿ. ತಮ್ಮ ಹಿಕ್ಕೆಯನ್ನೇ ಒಂದಿಷ್ಟು ತಿನ್ನುವುದನ್ನು ನೋಡಿ ಗಾಬರಿ ಬೀಳಬೇಡಿ, ಅದು ಮೆತ್ತನೆಯ ಬೇರೆ ಥರದ ಹಿಕ್ಕೆ, ಅದರಲ್ಲಿ ಬಿ ವಿಟಮಿನ್‌ಗಳಿರುತ್ತವೆ. ಇದನ್ನು ಅತ್ತೆಗೆ ಇನ್ನೂ ಹೇಳಿಲ್ಲ.

ಸೆಖೆ. ಇವು ಮೂಲತಃ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆಯವು, ತಂಪು ಹವೆಯ ಜೀವಗಳು. 18ರಿಂದ 24 ಡಿಗ್ರಿ ಹಿತ. 30ರ ಹತ್ತಿರ ಬಂದರೆ ಅಪಾಯ, ಜೊತೆಗೆ ನಮ್ಮ ಕಡೆಯ ಒದ್ದೆ ಗಾಳಿ ಬೇರೆ. ಅಂಗಡಿಯವರು ಇದರ ಬಗ್ಗೆ ಒಂದಕ್ಷರ ಹೇಳಲಿಲ್ಲ. ಬಾಲ್ಕನಿಯಲ್ಲಿ ಇಡಬಹುದು ಅಂದರು! ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಏಪ್ರಿಲ್ ಮಧ್ಯಾಹ್ನ ಬಟ್ಟೆ ಅರ್ಧ ಗಂಟೆಗೆ ಒಣಗುತ್ತದೆ. ನಮ್ಮವು ಹಾಲ್‌ನಲ್ಲಿ ಫ್ಯಾನಿನ ಗಾಳಿ ನೇರ ಬೀಳದ ಕಡೆ ಇವೆ. ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದ ಕಡಪಾ ಕಲ್ಲಿನ ತುಂಡು ಒಂದು ಮೂಲೆಯಲ್ಲಿ, ಅದರ ಮೇಲೆ ಹೊಟ್ಟೆ ಅಪ್ಪಚ್ಚಿ ಮಾಡಿಕೊಂಡು ಮಲಗುತ್ತವೆ. ನೀರು ತುಂಬಿ ಗಡ್ಡೆ ಕಟ್ಟಿಸಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿ ಇಡುತ್ತೇನೆ. ಮೇ ತಿಂಗಳಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಅತ್ತೆ ಅವನ್ನು ಎತ್ತಿಕೊಂಡು ಬಾತ್‌ರೂಮಿನ ಹೊರಗಿನ ತಂಪು ನೆಲದಲ್ಲಿ ಬಿಡುತ್ತಾರೆ.

ಡಾಕ್ಟರ್ ಬಗ್ಗೆ. ಇದನ್ನು ಪ್ರಾಣಿ ತರುವ ಮೊದಲೇ ಹುಡುಕಿಟ್ಟುಕೊಳ್ಳಿ. ನಾಯಿ-ಬೆಕ್ಕು ನೋಡುವವರೆಲ್ಲ ಗಿನಿಪಿಗ್ ನೋಡುವುದಿಲ್ಲ. ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ಆಸ್ಪತ್ರೆ ಇದೆ, ಮುಂಬೈಯಲ್ಲಿ ಪ್ರಾಣಿ ಸಾಕಿದವರಿಗೆಲ್ಲ ಗೊತ್ತು, ಆದರೆ ಡೊಂಬಿವಲಿಯಿಂದ ಅಲ್ಲಿಗೆ ಅರ್ಧ ದಿನ ಬೇಕು. ನಮಗೆ ಮುಲುಂಡ್ ಕಡೆ ಸಣ್ಣ ಪ್ರಾಣಿ ನೋಡುವ ಡಾಕ್ಟರ್ ಸಿಕ್ಕಿದರು. ಇಡೀ ಕತೆಯಲ್ಲಿ ಮನಸ್ಸಿಗೆ ಸಮಾಧಾನ ಕೊಟ್ಟದ್ದು ಅವರ ಕ್ಲಿನಿಕ್. ಮೊದಲು ತೂಕ ಹಾಕಿದರು, ಆಮೇಲೆ ಏನು ತಿನ್ನಿಸುತ್ತೀರಿ ಅಂತ ಕೇಳಿದರು, ಆಮೇಲೆ ಬಜೆಯ ಕಿವಿ. ಚರ್ಮ ಕೆರೆದು ನೋಡಿ ಹುಳುಕಡ್ಡಿಯೇ ಅಂದರು, ಹಚ್ಚಲು ಔಷಧ ಕೊಟ್ಟರು. ಗೋಳಿಯನ್ನೂ ಪರೀಕ್ಷಿಸಿದರು, ಮುಟ್ಟಿದ ಮೇಲೆ ಕೈ ತೊಳೆಯಿರಿ ಅಂತ ಮಗಳಿಗೆ ಎರಡೆರಡು ಸಲ ಹೇಳಿದರು. ಈಗ ಅಲ್ಲಿ ಕೂದಲು ಬಂದಿದೆ, ಸ್ವಲ್ಪ ಬೇರೆ ಬಣ್ಣದ್ದು.

ಅವರು ಹೇಳಿದ್ದರಲ್ಲಿ ಎರಡು ಮಾತು ಎಲ್ಲರಿಗೂ ಗೊತ್ತಿರಬೇಕು. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಥರದ ಮಾತ್ರೆ ಪುಡಿ ಮಾಡಿ ಯಾವತ್ತೂ ಕೊಡಬೇಡಿ, ಪೆನಿಸಿಲಿನ್ ಜಾತಿಯ ಔಷಧ ಇವುಗಳ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಪ್ರಾಣಕ್ಕೇ ತರುತ್ತದೆ. ಇನ್ನೊಂದು, ಅರ್ಧ ದಿನ ಏನೂ ತಿನ್ನದೆ ಕೂತರೆ, ಹಿಕ್ಕೆ ನಿಂತರೆ, ನಾಳೆ ನೋಡೋಣ ಅನ್ನಬೇಡಿ. ಇವುಗಳ ಹೊಟ್ಟೆ ನಿಂತರೆ ಮತ್ತೆ ಓಡಿಸುವುದು ಕಷ್ಟ. ಬೇಟೆಗೆ ಸಿಗುವ ಪ್ರಾಣಿಗಳಲ್ವಾ, ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಅದಕ್ಕೇ ವಾರಕ್ಕೊಮ್ಮೆ ಅಡುಗೆಯ ತಕ್ಕಡಿಯಲ್ಲಿ ತೂಕ ಹಾಕಿ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇವೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಬೆಳೆದ ಗಿನಿಪಿಗ್ 700 ಗ್ರಾಂನಿಂದ 1,200 ಗ್ರಾಂವರೆಗೆ ತೂಗುತ್ತದೆ. ತೂಕ ಸುಮ್ನೆ ಇಳಿಯುವುದಿಲ್ಲ, ಇಳಿದರೆ ಏನೋ ಇದೆ.

ಹಾಗಾದರೆ ಮತ್ತೆ ಆ ಅಂಗಡಿಗೆ ಹೋಗುತ್ತೇನಾ? ಬಾಟಲಿ, ಬಟ್ಟಲಿಗೆ ಹೋಗುತ್ತೇನೆ, ರೇಟು ಒಳ್ಳೆಯದು. ಹುಡುಗ ಒಳ್ಳೆಯವನು. ಹೋದ ಸಲ ಹೋದಾಗ ತೊಟ್ಟಿಯೊಳಗೆ ಒಂದು ರಟ್ಟಿನ ಡಬ್ಬ ಬಂದಿತ್ತು, ಹುಲ್ಲು ಇನ್ನೂ ಇಲ್ಲ. ಪ್ರಾಣಿ ಕೊಳ್ಳಲು ಹೋಗುವವರು ಗಂಡೋ ಹೆಣ್ಣೋ ತಾವೇ ನೋಡಿಕೊಳ್ಳಿ, ಚರ್ಮ ನೋಡಿ, ಸೆಟ್ ಬೇಡ ಅನ್ನಿ. ಖರ್ಚಿನ ಅಂದಾಜು ಬೇಕಾದವರಿಗೆ: ಪ್ರಾಣಿಗೆ ಕೊಟ್ಟದ್ದು ಏನೂ ಅಲ್ಲ. ಹುಲ್ಲು, ತರಕಾರಿ, ಒಳ್ಳೆಯ ಪೆಲೆಟ್ ಸೇರಿ ತಿಂಗಳಿಗೆ ಸಾವಿರದ ಐನೂರರ ಆಚೆಈಚೆ, ಡಾಕ್ಟರ್ ಫೀಸು ಬೇರೆ. ಆಯಸ್ಸು ಐದರಿಂದ ಎಂಟು ವರ್ಷ. ಮೂರನೇ ಕ್ಲಾಸಿನ ಮಗುವಿಗೆ ಅಂತ ತಂದರೆ, ಆ ಮಗು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತಾಗ ಪಂಜರ ತೊಳೆಯುವವರು ನೀವೇ.

ಡೊಂಬಿವಲಿ, ಠಾಕುರ್ಲಿ, ಕಲ್ಯಾಣ ಕಡೆ ಗಿನಿಪಿಗ್ ಅಥವಾ ಮೊಲ ಸಾಕಿದವರು ಯಾರಾದರೂ ಇದ್ದರೆ ಹೇಳಿ. ಟಿಮೋತಿ ಹುಲ್ಲಿನ ದೊಡ್ಡ ಮೂಟೆ ಒಟ್ಟಿಗೆ ತರಿಸಿ ಹಂಚಿಕೊಂಡರೆ ಕೆಜಿಗೆ ಒಳ್ಳೆಯ ಉಳಿತಾಯ ಆಗುತ್ತದೆ. ಅಕ್ಟೋಬರ್ ಮೇಲೆ ಆಗಲಿ, ಮಳೆ ಪೂರ್ತಿ ನಿಂತ ಮೇಲೆ.